ಬೊಜ್ಜು ಎಂದು ಬರೆದವರಿಗೆ

ಫೆಬ್ರವರಿ 3, ಸೋಮವಾರ

ಎಪ್ಪತ್ತು ದಾಟಿದವನ ಕೈಗೆ ನೋಟ್‌ಬುಕ್ ಕೊಟ್ಟು ದಿನಚರಿ ಬರೆಯಿರಿ ಎನ್ನುವವರಿಗೆ ಬೇರೆ ಕೆಲಸ ಇಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಬರೆದದ್ದೆಂದರೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಿಸುವ ಏಜೆಂಟನಾಗಿದ್ದಾಗ ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು ಎಂಬುದು ಮಾತ್ರ. ಅದೂ ಡ್ರೈವರುಗಳ ಹತ್ತಿರ ಜಗಳವಾದಾಗ ಮುಖಕ್ಕೆ ಹಿಡಿಯಲಿಕ್ಕೆ.

ಆದದ್ದು ಇಷ್ಟು. ಕಿಡ್ನಿ ರೋಗಿಗಳ ಮನೆಯವರ ಸಂಘದಿಂದ ಫೋನ್ ಬಂತು. ಮಣಿಪಾಲದ ಒಂದು ಆಫೀಸಿನವರು ಕಿಡ್ನಿಯ ಗುಳಿಗೆಯೊಂದರ ಮೇಲೆ ರಿವ್ಯೂ ಮಾಡುತ್ತಾರಂತೆ. ಅದನ್ನು ಓದಲಿಕ್ಕೆ ಡಾಕ್ಟರಲ್ಲದ ಒಬ್ಬ ಬೇಕಂತೆ, ರೋಗಿಯ ಮನೆಯವನಾದರೆ ಒಳ್ಳೆಯದಂತೆ. ಆಗುವುದಿಲ್ಲ ಎಂದೆ. ಫೋನ್ ಇಡುವ ಮೊದಲು ಯಾವ ಗುಳಿಗೆ ಎಂದು ಕೇಳಿದೆ. ಹೆಸರು ಹೇಳಿದರು. ಮನೆಯವಳು ಗುಣವತಿ ಒಂದು ವರ್ಷ ನುಂಗಿದ ಗುಳಿಗೆ. ಆಗ ಅದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಪರೀಕ್ಷೆ ನಡೆಯುತ್ತಿದೆ ಎಂದು ಆಸ್ಪತ್ರೆಯಿಂದ ಬಿಳಿ ಡಬ್ಬಿಯಲ್ಲಿ ಕೊಡುತ್ತಿದ್ದರು. ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಸಿದು ಕೂತಳು, ಎದೆ ನಿಂತಿತು ಎಂದರು. ಅವಳು ಹೋಗಿ ಆರು ವರ್ಷ ಆಯಿತು. ಬರುತ್ತೇನೆ ಎಂದೆ.

ಹೋದ ಮೇಲೆ ತಿಳಿಯಿತು, ಓದಿದರೆ ಸಾಲದು, ಬರೆಯಲಿಕ್ಕೂ ಉಂಟು. ರಿವ್ಯೂ ತಯಾರಿಸುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿದೆ. ಅದರಲ್ಲಿ ಹೊಸದಾಗಿ ಸೇರಿಸಿದ್ದು ನನ್ನಂಥವನಿಗೆ ತಲೆಗೆ ಹೋಗುತ್ತದೋ ಇಲ್ಲವೋ ಎಂದು ಅವರಿಗೆ ಗೊತ್ತಾಗಬೇಕು. ಅದಕ್ಕೆ ದಿನದಿನ ಅನಿಸಿದ್ದನ್ನು ಬರೆಯಬೇಕು. ನೋಟ್‌ಬುಕ್ ಕೊಟ್ಟವಳು ಅಲ್ಲಿ ಕೆಲಸ ಮಾಡುವ ಪ್ರಣೀತಾ ಎಂಬ ಹುಡುಗಿ. "ತಪ್ಪಾದರೂ ಪರವಾಗಿಲ್ಲ ಅಂಕಲ್, ಮನಸ್ಸಿಗೆ ಬಂದದ್ದು ಬರೆಯಿರಿ" ಎಂದಳು. ನಾನು ಅವಳ ಅಂಕಲ್ ಅಲ್ಲ. ಮನಸ್ಸಿಗೆ ಬಂದದ್ದೆಲ್ಲ ಬರೆದರೆ ಅವಳಿಗೆ ಓದಲಿಕ್ಕೂ ಆಗಲಿಕ್ಕಿಲ್ಲ. ಅವಳಿಗೆ ಬೇರೆ ಕಾಗದದಲ್ಲಿ ನಾಲ್ಕು ಸಾಲು ಬರೆದು ಕೊಡುತ್ತೇನೆ. ಈ ಪುಸ್ತಕ ಯಾರಿಗೂ ಇಲ್ಲ.

ಫೆಬ್ರವರಿ 5, ಬುಧವಾರ

ಕಾಪುವಿನಿಂದ ಉಡುಪಿ, ಉಡುಪಿಯಿಂದ ಮಣಿಪಾಲ. ಆಫೀಸಿನೊಳಗೆ ಏಸಿ ಹಾಕಿ ಮೀನಿನ ಪೆಟ್ಟಿಗೆಯ ಹಾಗೆ ಮಾಡಿಟ್ಟಿದ್ದಾರೆ. ಶಾಲು ತರಬೇಕಿತ್ತು.

ರಿವ್ಯೂ ಎಂದರೆ ನಾನು ತಿಳಿದದ್ದು ಫೋನಿನಲ್ಲಿ ನಕ್ಷತ್ರ ಕೊಡುವುದು. ಮಗ ಹರ್ಷಿತ್ ಬನ್ನಂಜೆಯಲ್ಲಿ ಸೀಟ್ ಕವರ್ ಅಂಗಡಿ ಇಟ್ಟಿದ್ದಾನೆ, ಬಂದವರ ಹತ್ತಿರವೆಲ್ಲ ಐದು ನಕ್ಷತ್ರ ಹಾಕಿ ಎಂದು ಹಲ್ಲು ಕಿರಿಯುತ್ತಾನೆ. ಇದು ಅದಲ್ಲ. ಒಂದೇ ಮದ್ದನ್ನು ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆಯವರು ಪರೀಕ್ಷೆ ಮಾಡಿರುತ್ತಾರೆ. ಒಬ್ಬರು ಒಳ್ಳೆಯದು ಎನ್ನುತ್ತಾರೆ, ಇನ್ನೊಬ್ಬರು ಪ್ರಯೋಜನ ಇಲ್ಲ ಎನ್ನುತ್ತಾರೆ. ಎಲ್ಲ ಪರೀಕ್ಷೆಗಳನ್ನೂ ಹುಡುಕಿ ತಂದು, ತೂಗಿ ನೋಡಿ, ಒಂದು ಉತ್ತರ ಹೇಳುವುದು ರಿವ್ಯೂ. ಡಾಕ್ಟರುಗಳು ಅದನ್ನು ನೋಡಿ ಚೀಟಿ ಬರೆಯುತ್ತಾರೆ. ಇಷ್ಟು ನನಗೆ ಅರ್ಥವಾಯಿತು. ಹುಡುಗಿ ನಿಧಾನ ಹೇಳುತ್ತಾಳೆ, ಅದು ಒಂದು ಒಳ್ಳೆಯದು.

ಮೊದಲು ಇದೆಲ್ಲ ಇಂಗ್ಲಿಷಿನಲ್ಲಿ ಮಾತ್ರ ಇರುತ್ತಿತ್ತು. ಈಗ ಒಂದು ಕಡೆ ಒತ್ತಿದರೆ ಸಾಫ್ಟ್‌ವೇರೇ ಕನ್ನಡದಲ್ಲಿ ಸಾರಾಂಶ ಬರೆಯುತ್ತದೆ. ಅಂಕಿ ಬದಲಾದರೆ ವಾಕ್ಯವೂ ತನ್ನಿಂದ ತಾನೇ ಬದಲಾಗುತ್ತದೆ. ಅವಳಿಗೆ ಅದರಲ್ಲಿ ಭಾರೀ ಹೆಮ್ಮೆ. ಓದಿ ಎಂದಳು. ಓದಿದೆ. "ಹಲವು ಭಾಗಿಗಳು ಅನುಸರಣೆಗೆ ಕಳೆದುಹೋದರು" ಎಂದು ಇತ್ತು.

ಇದು ಯಾವ ಊರಿನ ಕನ್ನಡ ಎಂದು ಕೇಳಿದೆ. ಪರೀಕ್ಷೆಗೆ ಸೇರಿದವರು ನಡುವಿನಲ್ಲಿ ಬರುವುದನ್ನು ನಿಲ್ಲಿಸಿದರೆ, ಮತ್ತೆ ಸಿಗದಿದ್ದರೆ, ಅವರನ್ನು ಹಾಗೆ ಹೇಳುತ್ತಾರಂತೆ. ಕಳೆದುಹೋಗಲಿಕ್ಕೆ ಅವರೆಂತ ಬಸ್ಸಿನಲ್ಲಿ ಬಿಟ್ಟು ಹೋದ ಕೊಡೆಯಾ ಎಂದೆ. ಹುಡುಗಿ ನಕ್ಕಳು, ಅದನ್ನೇ ಬರೆದು ಕೊಡಿ ಎಂದಳು. ಬರೆದು ಕೊಟ್ಟೆ. ತಮಾಷೆಗೆ ಹೇಳಿದ್ದಲ್ಲ.

ಫೆಬ್ರವರಿ 7, ಶುಕ್ರವಾರ

ಹೋಗಲಿಲ್ಲ. ಮೊಣಗಂಟು ನೋವು. ಇಲ್ಲಿ ಕೂತು ಬರೆಯುವಂಥದ್ದು ಎಂತದೂ ಇಲ್ಲ.

ಫೆಬ್ರವರಿ 11, ಮಂಗಳವಾರ

ಮಲಗುವ ಹೊತ್ತು ದಾಟಿತು. ಆದರೂ ಬರೆಯುತ್ತೇನೆ.

ಇವತ್ತು ಹೊಸದಾಗಿ ಬಂದ ಇನ್ನೊಂದನ್ನು ತೋರಿಸಿದಳು. ಮೊದಲು, ಬಿಟ್ಟುಹೋದವರು ಇಷ್ಟು ಜನ ಎಂದು ಒಂದು ಅಂಕಿ ಮಾತ್ರ ಹಾಕುತ್ತಿದ್ದರಂತೆ. ಈಗ ಆ ಅಂಕಿಯನ್ನು ಒತ್ತಿದರೆ ಒಳಗೆ ತೆರೆದುಕೊಳ್ಳುತ್ತದೆ. ಯಾವ ಕೇಂದ್ರ, ಗಂಡಸೋ ಹೆಂಗಸೋ, ಪ್ರಾಯ ಎಷ್ಟು, ಯಾವ ತಿಂಗಳು ಬಿಟ್ಟರು, ಯಾಕೆ ಬಿಟ್ಟರು. ಹೆಸರು ಇರುವುದಿಲ್ಲ. ಯಾಕೆ ಎಂಬುದನ್ನು ಸರಿಯಾಗಿ ನೋಡದಿದ್ದರೆ ಕೊನೆಯ ಉತ್ತರ ಒಂದು ಬದಿಗೆ ವಾಲುತ್ತದೆ ಎಂದಳು.

ನಮ್ಮ ಕಡೆಯ ಪರೀಕ್ಷೆ ಇದರಲ್ಲಿ ಉಂಟಾ ಎಂದು ಕೇಳಿದೆ. ಉಂಟು ಎಂದು ತೆರೆದಳು. ಕನ್ನಡಕ್ಕೆ ತಿರುಗಿಸಿದಳು. ಕರಾವಳಿ ಕೇಂದ್ರ ಎಂದು ಇದ್ದವು ಕೆಲವೇ ಸಾಲು. ಒಬ್ಬ ಗಂಡಸಿಗೆ ದುಬೈ ಕೆಲಸ. ಇನ್ನೊಬ್ಬನಿಗೆ ವಾಂತಿ. ಆಮೇಲೆ, ಹೆಂಗಸು, ಐವತ್ತೆಂಟು, 2019ರ ಜನವರಿ, ಕಾರಣ: ಬೊಜ್ಜು. ಮದ್ದು ಮುಂದುವರಿಸಲು ಸ್ವತಃ ನಿರಾಕರಿಸಿದರು.

ನಾನು ಮೊದಲು ನಕ್ಕೆ. ಯಾರಪ್ಪ ಈ ಹೆಂಗಸು ಎಂದೆ. ಆಮೇಲೆ ಪ್ರಾಯ ನೋಡಿದೆ, ತಿಂಗಳು ನೋಡಿದೆ. ಆ ತಿಂಗಳಲ್ಲಿ ಈ ಕೇಂದ್ರದಿಂದ ಹೋದ ಹೆಂಗಸು ಬೇರೆ ಒಬ್ಬರೂ ಇಲ್ಲ.

ಗುಣವತಿಗೆ ಬೊಜ್ಜಾ? ಕೊನೆಯ ವರ್ಷ ಬಳೆ ಮೊಣಗೈವರೆಗೆ ಜಾರುತ್ತಿತ್ತು. ರವಿಕೆಯನ್ನೆಲ್ಲ ಬಿಚ್ಚಿ ಒಳಗೆ ಹೊಲಿದುಕೊಂಡಿದ್ದಳು. ಅವಳು ಗುಳಿಗೆ ಬೇಡ ಎಂದಳಂತೆ. ಹಾಲು ಕಾಯಿಸುವ ಮೊದಲು ಆ ಡಬ್ಬಿ ತೆಗೆಯುತ್ತಿದ್ದಳು, ಒಂದು ದಿನ ತಪ್ಪಿದವಳಲ್ಲ. ಸತ್ತವಳನ್ನು ಬಿಟ್ಟುಹೋದವಳು ಎಂದು ಬರೆದಿದ್ದಾರೆ.

ಮೇಜಿಗೆ ಬಡಿದೆ. ಇಡೀ ಆಫೀಸು ತಿರುಗಿ ನೋಡಿತು. ಹುಡುಗಿಯ ಮುಖ ಬಿಳುಚಿತು. ಇದು ಅವರ ಆಫೀಸಿನವರು ಬರೆದದ್ದಲ್ಲ, ಪರೀಕ್ಷೆ ನಡೆಸಿದ ಕಂಪೆನಿಯವರು ಹಾಗೆ ಕೊಟ್ಟಿದ್ದಾರೆ, ಇಂಗ್ಲಿಷಿನಲ್ಲಿ ಇದ್ದದ್ದನ್ನು ಯಂತ್ರ ಕನ್ನಡ ಮಾಡಿದೆ ಎಂದಳು. ಮೂಲದಲ್ಲಿ ನೋಡಿದಳು. ಫೋನಿನಲ್ಲಿ ತಿಳಿದದ್ದು, ಹೇಳಿದವರು ರೋಗಿಯ ತಂಗಿ ಎಂದು ಇತ್ತು.

ತಂಗಿ ಎಂದರೆ ಒಬ್ಬಳೇ. ಕಾರ್ಕಳದ ಕುಸುಮ.

ಫೆಬ್ರವರಿ 12, ಬುಧವಾರ

ಕುಸುಮಳಿಗೆ ಫೋನ್ ಮಾಡಲಿಲ್ಲ. ಇಂಥದ್ದನ್ನು ಮುಖ ನೋಡಿ ಕೇಳಬೇಕು.

ಫೆಬ್ರವರಿ 14, ಶುಕ್ರವಾರ

ಕಾರ್ಕಳಕ್ಕೆ ಹೋಗಿ ಬಂದೆ. ಆನೆಕೆರೆ ದಾಟಿ ಅವಳ ಮನೆ. ಕುಸುಮಳಿಗೂ ಅಕ್ಕನದೇ ಕಾಯಿಲೆ, ಅವರ ತಾಯಿಗೂ ಇದೇ ಇತ್ತು. ಈಗ ಅಂಗಡಿಯಲ್ಲಿ ಸಿಗುವ ಅದೇ ಗುಳಿಗೆಯನ್ನು ಡಾಕ್ಟ್ರು ಅವಳಿಗೂ ಬರೆದಿದ್ದಾರೆ. ದೀಪಾವಳಿಯಿಂದ ತಿನ್ನುತ್ತಾಳೆ. ನಾನು ಹೋದಾಗ ಬೀಡಿ ಕಟ್ಟುವ ಮೊರ ಮಡಿಲಲ್ಲಿಟ್ಟು ಕೂತಿದ್ದಳು. ಹೋದ ಕೂಡಲೇ ಆ ಕಂಪೆನಿಯ ಫೋನಿನ ವಿಷಯ ಕೇಳಿದೆ.

ನಾವು ಮಾತಾಡಿದ್ದು ತುಳುವಿನಲ್ಲಿ. ನನಗೆ ಬರೆಯಲಿಕ್ಕೆ ಬರುವುದು ಕನ್ನಡ, ಹಾಗೆ ಬರೆಯುತ್ತೇನೆ.

"ಆ ಫೋನ್ ತೆಗೆದದ್ದು ನಾನೇ ಬಾವ. ನೀವು ಆಗ ಫೋನ್ ಮುಟ್ಟುತ್ತಿರಲಿಲ್ಲ, ಮೂಲೆಯಲ್ಲಿ ಕೂತದ್ದೇ ಕೂತದ್ದು."

"ಎಂತ ಹೇಳಿದೆ?"

"ಗುಣವತಿ ಇದ್ದಾರಾ ಕೇಳಿದ. ಅಕ್ಕನದ್ದು ಬೊಜ್ಜ ಹೇಳಿದೆ. ಮತ್ತೆಂತ ಹೇಳುವುದು? ಅಡಿಗೆಯವರು ಹಿಂದೆ ಪಾತ್ರೆ ಇಳಿಸುತ್ತಾ ಇದ್ದರು."

"ಅವನು ಎಂತ ಹೇಳಿದ?"

"ಘಟ್ಟದ ಮೇಲಿನ ಮಾತು ಅವನದ್ದು. ಬೊಜ್ಜಾ, ಜಾಸ್ತಿ ಇದೆಯಾ ಅಂತ ಕೇಳಿದ. ಜಾಸ್ತಿ ಇಲ್ಲ, ಹತ್ತಿರದವರು ಮಾತ್ರ ಹೇಳಿದೆ."

ಅಲ್ಲಿಗೆ ಅವಳ ಕೈಯ ಕತ್ತರಿ ನಿಂತಿತು. ಅವಳಿಗೂ ಆಗಲೇ ಗೊತ್ತಾದದ್ದು.

"ಇನ್ನು ಗುಳಿಗೆ ಬೇಡವಾ ಕೇಳಿದ ಬಾವ. ಇನ್ನೆಂತಕ್ಕೆ ಮಾರಾಯ ಗುಳಿಗೆ ಹೇಳಿದೆ. ಆಯ್ತಮ್ಮ, ಹುಷಾರಾಗಿರಿ ಹೇಳಿ ಇಟ್ಟ."

ಸತ್ತವರಿಗೆ ಮಾಡುವ ಕ್ರಿಯೆಗೆ ನಾವು ಬೊಜ್ಜ ಎನ್ನುತ್ತೇವೆ. ತುಳು ಬರುವ ಮಗುವಿಗೂ ಗೊತ್ತು. ಅವನು ಕೇಳಿಸಿಕೊಂಡದ್ದು ಹೊಟ್ಟೆಯ ಕೊಬ್ಬು. ಅದನ್ನು ಇಂಗ್ಲಿಷ್ ಮಾಡಿ ಇಟ್ಟ. ಆರು ವರ್ಷ ಬಿಟ್ಟು ಈ ಯಂತ್ರ ಅದನ್ನು ತಿರುಗಿ ಕನ್ನಡ ಮಾಡಿ ನನ್ನ ಮುಂದೆ ಇಟ್ಟಿತು. ಇಂಗ್ಲಿಷಿನಲ್ಲೇ ಇದ್ದಿದ್ದರೆ ನಾನು ನೋಡಿಯೂ ದಾಟಿ ಹೋಗುತ್ತಿದ್ದೆ.

ಕುಸುಮ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕನಿಗೆ ಬೊಜ್ಜು, ಅಕ್ಕನಿಗೆ ಬೊಜ್ಜು ಎಂದು ಎರಡು ಸಲ ಹೇಳಿದಳು. ಆಮೇಲೆ ಮೊರ ಬದಿಗಿಟ್ಟು ಒಳಗೆ ಹೋದಳು, ತುಂಬ ಹೊತ್ತು ಬರಲಿಲ್ಲ. ಬಂದಾಗ ಚಹಾ ತಂದಳು, ಸಕ್ಕರೆ ಹಾಕಿರಲಿಲ್ಲ. ನಾನು ಕೇಳಲೂ ಇಲ್ಲ.

ಹೊರಡುವಾಗ ಹೇಳಿದೆ, ಆ ಗುಳಿಗೆ ನಿನ್ನ ಅಕ್ಕನನ್ನು ತಿಂದದ್ದು, ಅದಕ್ಕೇ ಅವರು ಮುಚ್ಚಿಟ್ಟದ್ದು, ನಾಳೆಯಿಂದ ಮುಟ್ಟಬೇಡ ಎಂದು. ಡಾಕ್ಟ್ರು ಬೈಯುತ್ತಾರೆ ಎಂದಳು. ಬೈದರೆ ನನಗೆ ಫೋನ್ ಕೊಡು ಎಂದೆ.

ಫೆಬ್ರವರಿ 17, ಸೋಮವಾರ

ಹಾಕಿದೆ. ಸಾಫ್ಟ್‌ವೇರಿನಲ್ಲಿ ನನ್ನಂಥವನಿಗೂ ಪ್ರಶ್ನೆ ಹಾಕಲಿಕ್ಕೆ ಜಾಗ ಉಂಟು, ಅದೂ ಹೊಸತು. ಪ್ರಶ್ನೆ ಹಾಕಿದ ಕಡೆ ಕೆಂಪು ಗುರುತು ಬೀಳುತ್ತದೆ. ಅದಕ್ಕೆ ಉತ್ತರ ಬರೆಯದೆ ರಿವ್ಯೂ ಲಾಕ್ ಆಗುವುದಿಲ್ಲ. ಲಾಕ್ ಆದರೆ ಮುಗಿಯಿತು, ಪ್ರಪಂಚಕ್ಕೆಲ್ಲ ಹೋಗುತ್ತದೆ, ಆಮೇಲೆ ಕೈಹಾಕುವ ಹಾಗಿಲ್ಲ. ನಾನು ಹೇಳಿದೆ, ಪ್ರಣೀತಾ ಟೈಪ್ ಮಾಡಿದಳು. ಈ ಹೆಂಗಸು ಬಿಟ್ಟುಹೋದವಳಲ್ಲ, ಸತ್ತವಳು, ಸತ್ತವರ ಲೆಕ್ಕಕ್ಕೆ ಸೇರಿಸಿ ಎಂದು.

ಅವಳ ಮೇಲಿನವರು ಡಾಕ್ಟರ್ ರೊಸಾರಿಯೊ. ಶಿರ್ವದವರು, ಕನ್ನಡಕದ ಮೇಲಿಂದ ನೋಡುವ ಜನ. ಕೂರಿಸಿ ನೀರು ಕೊಟ್ಟರು. ಹೆಂಡತಿಯ ವಿಷಯ ಕೇಳಿ ಬೇಸರ ಆಯಿತು ಎಂದರು. ಪಂಚಾಯತಿನ ಮರಣಪತ್ರ ಕೊಟ್ಟೆ, ಎರಡು ಸಲ ಓದಿದರು. ಆದರೆ ಅಂಕಿ ಅವರದಲ್ಲವಂತೆ. ಪರೀಕ್ಷೆ ನಡೆಸಿದ ಕಂಪೆನಿಯವರು ಹೌದು ಎಂದು ಬರೆದು ಕೊಡದೆ ಇವರು ಒಬ್ಬರನ್ನು ಇಲ್ಲಿಂದ ಅಲ್ಲಿಗೆ ಸರಿಸುವ ಹಾಗಿಲ್ಲವಂತೆ. ಕಂಪೆನಿಗೆ ಬರೆಯುತ್ತೇವೆ ಎಂದರು. ಅವರು ಉತ್ತರ ಕೊಡುತ್ತಾರಾ ಎಂದು ಕೇಳಿದೆ. ಕೆಲವೊಮ್ಮೆ ಕೊಡುತ್ತಾರೆ ಎಂದರು.

ಮೆಟ್ಟಿಲು ಇಳಿಯುವಾಗ ಪ್ರಣೀತಾ ಜೊತೆಗೆ ಬಂದಳು. ಬಸ್ಸು ಬರುವವರೆಗೆ ನಿಂತಳು. ನಿಲ್ಲಬೇಕು ಎಂದು ನಾನು ಹೇಳಿರಲಿಲ್ಲ.

ಫೆಬ್ರವರಿ 20, ಗುರುವಾರ

ಬರೆಯುವುದು ಬೇಡ ಎಂದು ಕೂತಿದ್ದೆ. ಬರೆಯದಿದ್ದರೆ ಯಾರ ಹತ್ತಿರ ಹೇಳುವುದು.

ಕಂಪೆನಿಯಿಂದ ಉತ್ತರ ಇಲ್ಲ. ಬರಿದೇ ಕೂರಿಸುವುದು ಬೇಡ ಎಂದೋ ಏನೋ, ಪ್ರಣೀತಾ ಇನ್ನೊಂದು ತೋರಿಸಿದಳು. ಅಸಲು ರಿವ್ಯೂವನ್ನು ಮುಟ್ಟದೆ ಅದರ ನಕಲು ತೆಗೆದು, ಒಂದು ಅಂಕಿ ಬದಲಿಸಿದರೆ ಕೊನೆಯ ಉತ್ತರ ಏನಾಗುತ್ತದೆ ಎಂದು ನೋಡಬಹುದು. ಕಂಪ್ಯೂಟರಿನಲ್ಲಿ ಒಂದು ಚಿತ್ರ ಉಂಟು. ನಡುವೆ ಉದ್ದಕ್ಕೆ ಗೆರೆ. ಒಂದೊಂದು ಪರೀಕ್ಷೆಗೆ ಒಂದೊಂದು ಚೌಕ. ಎಲ್ಲಕ್ಕಿಂತ ಕೆಳಗೆ ಇಸ್ಪೀಟಿನ ಡೈಮನ್ ಹಾಗಿನ ಒಂದು ಗುರುತು, ಎಲ್ಲ ಸೇರಿ ಆದ ಉತ್ತರ ಅದು. ಗೆರೆಯ ಎಡಕ್ಕೆ ಇದ್ದರೆ ಗುಳಿಗೆ ಒಳ್ಳೆಯದು, ಬಲಕ್ಕೆ ಇದ್ದರೆ ಕೆಟ್ಟದು.

ಗುಣವತಿಯನ್ನು ಸತ್ತವರ ಲೆಕ್ಕಕ್ಕೆ ಸರಿಸಿ ತೋರಿಸು, ಡೈಮನ್ ಬಲಕ್ಕೆ ಹೋಗುವುದನ್ನು ನೋಡಬೇಕು ಎಂದೆ.

ಅವಳು ಆ ಸಾಲನ್ನು ಹುಡುಕಿದಳು. ಇನ್ನೊಮ್ಮೆ ಓದಿದಳು.

"ಅಂಕಲ್, ಇವರು ಆ ಗುಂಪಿನವರಲ್ಲ."

"ಯಾವ ಗುಂಪು?"

"ಗುಳಿಗೆಯ ಗುಂಪು ಅಲ್ಲ. ಇವರಿಗೆ ಕೊಟ್ಟದ್ದು ಮದ್ದಿಲ್ಲದ್ದು. ನೋಡಲಿಕ್ಕೆ ಒಂದೇ ಥರ ಇರುತ್ತದೆ. ಅರ್ಧ ಜನರಿಗೆ ಅದನ್ನೇ ಕೊಡುವುದು, ಹೋಲಿಸಿ ನೋಡಲಿಕ್ಕೆ."

ಪರೀಕ್ಷೆಗೆ ಸೇರಿಸುವಾಗ ಇದನ್ನು ಹೇಳಿದ್ದರಂತೆ, ಸಹಿಯೂ ತೆಗೆದುಕೊಂಡಿದ್ದರಂತೆ. ಹೇಳಿರಬಹುದು. ನಾನು ಹೊರಗೆ ಬಸ್ಸಿನ ಹೊತ್ತು ನೋಡುತ್ತಾ ನಿಂತಿದ್ದೆ.

ಸರಿಸು ಎಂದೆ. ಬೇಡ ಅಂಕಲ್ ಎಂದಳು. ಸರಿಸು ಎಂದೆ. ಸರಿಸಿದಳು. ಡೈಮನ್ ಅಲುಗಿದ ಹಾಗೆ ನನಗೆ ಕಾಣಲಿಲ್ಲ. ಅವಳು ಬೆರಳಿಟ್ಟು ತೋರಿಸಿದಳು, ಒಂದು ಕೂದಲಿನಷ್ಟು ಎಡಕ್ಕೆ. ಗುಣವತಿ ಸತ್ತಳು ಎಂದು ಬರೆದರೆ ಗುಳಿಗೆಗೆ ಒಂದು ಕೂದಲಿನಷ್ಟು ಒಳ್ಳೆಯ ಹೆಸರು.

ಒಂದು ವರ್ಷ ಅವಳು ನುಂಗಿದ್ದು ಬರೀ ಹಿಟ್ಟು. ನಂಬಿಕೊಂಡು ನುಂಗಿದಳು. ಗುಳಿಗೆ ತಿಂದ ಮೇಲೆ ಮೈ ಹಗುರ ಆಯಿತು ಎನ್ನುತ್ತಿದ್ದಳು. ಮೀನು ಕೊಯ್ಯುವಾಗ ಮೊದಲಿನ ಹಾಗೆ ಬಾಯಿಯೊಳಗೆ ಹಾಡಿಕೊಳ್ಳುತ್ತಿದ್ದಳು. ನನಗೆ ಅದು ಮರೆತೇ ಹೋಗಿತ್ತು.

ಪ್ರಣೀತಾ ಕಣ್ಣು ಒರೆಸಿಕೊಂಡಳು. ಅಳಬೇಡ ಮಗಾ ಎಂದೆ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಹರ್ಷಿತ್ ಅಂಗಡಿಗೆ ಹೋಗಲಿಲ್ಲ. ಊಟಕ್ಕೆ ಕೂತಾಗ ಅವನಿಗೆ ಹೇಳಿದೆ. ಕೇಳಿ, "ಅಪ್ಪ, ಅಮ್ಮ ಹೋಗಿ ಆರು ವರ್ಷ. ಈಗ ಕಂಪ್ಯೂಟರಿನಲ್ಲಿ ಬರೆದರೆ ಎಂತ, ಬಿಟ್ಟರೆ ಎಂತ" ಎಂದ. ಹೋದದ್ದಲ್ಲ, ಸತ್ತದ್ದು, ಸರಿಯಾಗಿ ಹೇಳು ಎಂದೆ. ಬಟ್ಟಲು ಬಿಟ್ಟು ಎದ್ದ.

ಎರಡು ಸಲ ಕುಸುಮಳಿಗೆ ಫೋನ್ ಮಾಡಲಿಕ್ಕೆ ಹೊರಟು ಇಟ್ಟೆ.

ಮಾರ್ಚ್ 1, ಶನಿವಾರ

ಕಾರ್ಕಳ. ಕುಸುಮಳ ಕಾಲು ಊದಿದೆ. ಒತ್ತಿದರೆ ಬೆರಳಿನ ಗುಳಿ ಹಾಗೆಯೇ ನಿಲ್ಲುತ್ತದೆ. ಕಣ್ಣಿನ ಕೆಳಗೆ ಚೀಲ. ಗುಳಿಗೆ ಬಿಟ್ಟಲ್ಲಿಂದ ಹೀಗೆ. ರಕ್ತದ ಪರೀಕ್ಷೆಯಲ್ಲಿ ಕಿಡ್ನಿಯ ಅಂಕಿ ಹೆಚ್ಚಾಗಿದೆಯಂತೆ. ಮಾರ್ಚ್ ಹದಿನೇಳಕ್ಕೆ ಬರಲಿಕ್ಕೆ ಹೇಳಿದ್ದಾರೆ. ಅಷ್ಟರಲ್ಲಿ ಇಳಿಯದಿದ್ದರೆ ಡಯಾಲಿಸಿಸ್, ಅದರ ಸೂಜಿ ಹಾಕಲಿಕ್ಕೆ ಕೈಯ ನರ ಸರಿ ಮಾಡಿ ಇಡುತ್ತಾರಂತೆ.

ಬೀಡಿಯ ಮೊರ ಕಾಣಲಿಲ್ಲ. ಬೆರಳು ಮಡಚಲಿಕ್ಕೆ ಆಗುವುದಿಲ್ಲವಂತೆ.

ಹೇಳಿದೆ. ಅಕ್ಕ ತಿಂದದ್ದು ಆ ಗುಳಿಗೆ ಅಲ್ಲ, ಮದ್ದಿಲ್ಲದ್ದು, ನೀನು ನಾಳೆಯಿಂದ ಪುನಃ ತಿನ್ನು ಎಂದು. ಅವಳು ನನ್ನನ್ನೇ ನೋಡಿದಳು.

"ತಿನ್ನಬೇಡ ಹೇಳಿದಿರಿ, ಬಿಟ್ಟೆ. ಈಗ ತಿನ್ನು ಹೇಳಿದರೆ ತಿನ್ನುವುದಾ? ನನ್ನ ಹೊಟ್ಟೆ ಎಂತ ಬಾವ, ನಿಮ್ಮ ಬಸ್‌ಸ್ಟ್ಯಾಂಡಾ? ನೀವು ಸೀಟಿ ಊದಿದರೆ ಹೊರಡುವುದು, ಕೈ ಅಡ್ಡ ಹಿಡಿದರೆ ನಿಲ್ಲುವುದು?"

ಜೀವಮಾನದಲ್ಲಿ ಯಾರೂ ನನಗೆ ಹಾಗೆ ಹೇಳಿದ್ದಿಲ್ಲ. ಹೇಳಿದ್ದರೆ ಕೇಳಿಸಿಕೊಂಡದ್ದಿಲ್ಲ. ಡಾಕ್ಟ್ರು ಹೇಳಿದರೆ ಆದರೂ ತಿನ್ನುತ್ತೀಯಾ ಎಂದು ಕೇಳಿದೆ.

"ಡಾಕ್ಟ್ರು ಇವರ ಪುಸ್ತಕ ನೋಡಿಯೇ ಅಲ್ವಾ ಬರೆಯುವುದು? ಅಕ್ಕ ಸತ್ತದ್ದೇ ಬರೆಯಲಿಕ್ಕೆ ಗೊತ್ತಿಲ್ಲದವರು ಗುಳಿಗೆ ಒಳ್ಳೆಯದು ಹೇಳಿದರೆ ನಾನು ಹೇಗೆ ನಂಬಲಿ? ಮೊದಲು ಅವಳು ಸತ್ತಳು ಅಂತ ಬರೆಯಲಿ ಬಾವ. ಬರೆದದ್ದು ನನಗೆ ತೋರಿಸಿ. ಆ ದಿನ ತಿನ್ನುತ್ತೇನೆ."

ಇದು ಹಟ ಎಂದು ಬೈಯಬೇಕಿತ್ತು. ಬೈಯಲಿಲ್ಲ. ಅವಳ ಅಕ್ಕನದೂ ಇದೇ ಸ್ವರ.

ಬಸ್ಸಿನಲ್ಲಿ ಬರುವಾಗ ಬೆಳ್ಮಣ್ಣಿನಲ್ಲಿ ಇಳಿಯುವ ಹೆಂಗಸೊಬ್ಬಳು ನನಗೆ ಸೀಟು ಬಿಟ್ಟುಕೊಟ್ಟಳು. ನನ್ನ ಮುಖ ಹೇಗಿತ್ತೋ.

ಮಾರ್ಚ್ 4, ಮಂಗಳವಾರ

ಕೆಂಪು ಗುರುತು ಇಲ್ಲ. ನಾನು ಹಾಕಿದ ಕಡೆ ಹಸಿರು. ಒತ್ತಿದರೆ ಒಳಗೆ ಒಂದೇ ಸಾಲು: "ಓದುಗರ ಟಿಪ್ಪಣಿಯನ್ನು ಗಮನಿಸಲಾಗಿದೆ. ಫಲಿತಾಂಶದಲ್ಲಿ ಗಣನೀಯ ಬದಲಾವಣೆ ಇಲ್ಲ." ಹಾಗೆ ಬರೆದರೂ ಉತ್ತರ ಕೊಟ್ಟ ಹಾಗೆ ಆಗುತ್ತದಂತೆ. ಯಂತ್ರ ಅಷ್ಟಕ್ಕೇ ಬಾಗಿಲು ಬಿಡುತ್ತದೆ.

ಪ್ರಣೀತಾ ತಲೆ ಎತ್ತಲಿಲ್ಲ. ಅವಳು ಮುಚ್ಚಿದ್ದಲ್ಲ ಎಂದು ನನಗೆ ಗೊತ್ತು. ಕಂಪೆನಿಗೆ ಮೂರು ಸಲ ಬರೆದಿದ್ದಾಳೆ. ಮೂರನೆಯದಕ್ಕೆ ಉತ್ತರ ಬಂತಂತೆ, ಆ ಪರೀಕ್ಷೆಯ ಕಡತ ಮುಚ್ಚಿದೆ, ಪುನಃ ತೆರೆಯಲು ಸಾಕಷ್ಟು ಕಾರಣ ಇಲ್ಲ ಎಂದು.

ಡಾಕ್ಟರ್ ರೊಸಾರಿಯೊ ಅವರ ಕೋಣೆಗೆ ಹೋದೆ. ಬಾಗಿಲು ತಟ್ಟಲಿಲ್ಲ. ಅವರು ಸಿಟ್ಟು ಮಾಡಲಿಲ್ಲ, ಕೂತುಕೊಳ್ಳಿ ಎಂದರು. ಕೂರಲಿಲ್ಲ.

"ಉಮಾನಾಥರೇ, ನಿಮ್ಮ ಮಾತು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಸಾವಿರಾರು ಜನರ ಲೆಕ್ಕ ಇದು. ಒಬ್ಬರಿಂದ ಉತ್ತರ ಬದಲಾಗುವುದಿಲ್ಲ. ಇಪ್ಪತ್ತೊಂದಕ್ಕೆ ಲಾಕ್ ಮಾಡಲೇಬೇಕು, ಇದನ್ನು ಕಾಯುವ ರೋಗಿಗಳು ಇದ್ದಾರೆ."

ಕಾಯುವ ರೋಗಿ ಒಬ್ಬಳು ನನಗೂ ಗೊತ್ತು ಎಂದೆ. ಕುಸುಮಳ ವಿಷಯ ಹೇಳಿದೆ. ಗುಳಿಗೆ ಬಿಡಿಸಿದ್ದು ಯಾರು ಎಂದು ಅವರು ಕೇಳಿದರು. ನಾನು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, ನಾಳೆಯೇ ತಿನ್ನಲಿಕ್ಕೆ ಹೇಳಿ, ಕಾಗದಕ್ಕೆ ಕಾಯಬೇಡಿ ಎಂದರು. ನಾನು ಹೇಳಿದ್ದನ್ನು ಅವಳು ಇನ್ನು ಕೇಳುವುದಿಲ್ಲ ಎಂದೆ.

ಕೆಳಗೆ ಒಂದು ಟಿಪ್ಪಣಿ ಸೇರಿಸಬಹುದು ಎಂದರು. ಒಬ್ಬರು ಮೃತಪಟ್ಟಿರುವ ಸಾಧ್ಯತೆ ಇದೆ ಎಂದು.

ಸಾಧ್ಯತೆ. ಅವಳನ್ನು ಸ್ನಾನ ಮಾಡಿಸಲಿಕ್ಕೆ ನೀರು ಹೊತ್ತದ್ದು ನಾನು.

ಮಾರ್ಚ್ 5, ಬುಧವಾರ

ಕುಸುಮಳ ಮನೆಗೆ ಹರ್ಷಿತನನ್ನು ಕಳಿಸಬೇಕು ಎಂದಿದ್ದೆ. ನಾನು ಹೇಳುವ ಮೊದಲೇ ಹೊರಟಿದ್ದ. ಗುಳಿಗೆ ತೆಗೆದುಕೊಂಡು ಹೋಗಿ ಕೊಟ್ಟನಂತೆ. ತೆಗೆದು ದೇವರ ಕೋಣೆಯಲ್ಲಿ ಇಟ್ಟಳಂತೆ, ತಿನ್ನಲಿಲ್ಲ. ಕಾಲು ಮೊಣಗಂಟಿನವರೆಗೆ ಊದಿದೆ ಎಂದ. ಅಮ್ಮನ ಫೋಟೋದ ಮುಂದೆ ಕೂತವನು ಎದ್ದಿಲ್ಲ. ನಾನೂ ಕರೆಯಲಿಲ್ಲ, ಪಕ್ಕದಲ್ಲಿ ಕೂತೆ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಮೊದಲ ಬಸ್ಸಿಗೆ ಮಣಿಪಾಲ. ಕಾವಲಿನವನು ಇನ್ನೂ ಬಾಗಿಲು ತೆರೆದಿರಲಿಲ್ಲ. ಪ್ರಣೀತಾ ಬಂದಾಗ ಕೇಳಿದೆ, ಮುಚ್ಚಿದ ಪ್ರಶ್ನೆಯನ್ನು ಪುನಃ ತೆರೆಯಬಹುದಾ ಎಂದು. ಹಾಕಿದವನು ತೆರೆಯಬಹುದಂತೆ, ಒಂದು ಸಲ ಮಾತ್ರ. ಅದೂ ಹೊಸತು. ಈ ಸಲ ಕಂಪೆನಿಯವರ ಹೆಸರು ಸೇರಿಸಿದರೆ ಅವರಿಗೂ ನೇರ ಹೋಗುತ್ತದೆ, ಅವರ ಪುಟದ ಮೇಲೂ ಕೆಂಪು ಬೀಳುತ್ತದೆ ಎಂದಳು. ಹೇಳಿದ ಮೇಲೆ, ನಾನು ಹೇಳಿದ್ದು ಎಂದು ಯಾರಿಗೂ ಹೇಳಬೇಡಿ ಎಂದಳು. ಈ ಹುಡುಗಿಗೆ ನಾಳೆ ಕೆಲಸ ಇರುತ್ತದೋ ಇಲ್ಲವೋ. ಅದಕ್ಕೆ ನಾನೇ ಟೈಪ್ ಮಾಡಿದೆ. ಒಂದು ಬೆರಳಿನಲ್ಲಿ, ಮಧ್ಯಾಹ್ನದವರೆಗೆ. ಅವಳು ಅಕ್ಷರ ಎಲ್ಲಿದೆ ಎಂದು ಮಾತ್ರ ತೋರಿಸಿದಳು. ಸರಿ ಮಾಡುತ್ತೇನೆ ಎಂದಾಗ ಬೇಡ ಎಂದೆ.

ಹಾಕಿದ್ದನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ. ಅಲ್ಲಿ ಅಳಿಸಿದರೂ ಇಲ್ಲಿ ಇರಲಿ.

ಬೊಜ್ಜು ಎಂದು ಬರೆದವರಿಗೆ ಮತ್ತು ಗಮನಿಸಲಾಗಿದೆ ಎಂದು ಬರೆದವರಿಗೆ. ನಾನು ಕಾಪುವಿನ ಉಮಾನಾಥ. ನೀವು ಬಿಟ್ಟುಹೋದವಳು ಎಂದು ಬರೆದದ್ದು ನನ್ನ ಹೆಂಡತಿ ಗುಣವತಿಯನ್ನು. ಅವಳು ಎಲ್ಲಿಗೂ ಹೋಗಲಿಲ್ಲ. ನಿಮ್ಮ ಮದ್ದಿಲ್ಲದ ಗುಳಿಗೆಯನ್ನು ಕೊನೆಯ ದಿನದವರೆಗೆ ನುಂಗಿದಳು, ನುಂಗಿದ ಬೆಳಿಗ್ಗೆಯೇ ಸತ್ತಳು. ನಿಮ್ಮ ಹುಡುಗ ಫೋನ್ ಮಾಡಿದಾಗ ಮನೆಯಲ್ಲಿ ಅವಳ ಬೊಜ್ಜದ ಅಡಿಗೆ ಆಗುತ್ತಿತ್ತು. ಬೊಜ್ಜ ಎಂದರೆ ಏನು ಎಂದು ತುಳು ಬರುವವರ ಹತ್ತಿರ ಕೇಳಿ. ಅವನ ಮೇಲೆ ನನಗೆ ಸಿಟ್ಟಿಲ್ಲ. ಈಗ ಗೊತ್ತಾದ ಮೇಲೂ ಬದಲಿಸದವರ ಮೇಲೆ ಉಂಟು. ಅವಳನ್ನು ಸತ್ತವರ ಲೆಕ್ಕಕ್ಕೆ ಸೇರಿಸಿದರೆ ನಿಮ್ಮ ಗುಳಿಗೆಗೇ ಲಾಭ, ನನಗೆ ಏನೂ ಇಲ್ಲ. ಉತ್ತರ ಬದಲಾಗುವುದಿಲ್ಲ ಎಂದಿರಿ. ಬದಲಾಗುವುದು ಬೇಡ. ಅವಳ ತಂಗಿ ಕಾರ್ಕಳದಲ್ಲಿ ಗುಳಿಗೆ ಎದುರಿಗಿಟ್ಟು ಕೂತಿದ್ದಾಳೆ, ಅಕ್ಕ ಸತ್ತದ್ದನ್ನು ನೀವು ಬರೆಯದೆ ಬಾಯಿಗೆ ಹಾಕುವುದಿಲ್ಲ. ಹದಿನೇಳಕ್ಕೆ ಅವಳನ್ನು ಆಸ್ಪತ್ರೆಗೆ ಕರೆದಿದ್ದಾರೆ. ಗಮನಿಸಲಾಗಿದೆ ಎಂದು ಬರೆಯಬೇಡಿ. ಸಾಧ್ಯತೆ ಎಂದು ಬರೆಯಬೇಡಿ. ಸತ್ತಳು ಎಂದು ಬರೆಯುತ್ತೀರಾ, ಇಲ್ಲವಾ? ಮಾರ್ಚ್ 14, ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಉತ್ತರ ಕೊಡಿ.